ಮಾತ್ರೆಯ ಗರ್ಭಪಾತ ಪೂರ್ತಿ ಆಯ್ತಾ? ಸ್ಕ್ಯಾನಾ, ಯೂರಿನ್ ಕಾರ್ಡಾ?

ಮಾತ್ರೆ ತಗೊಂಡು 10 ದಿನ ಆಯ್ತು, ಸ್ಕ್ಯಾನ್ ಮಾಡಿಸಲಾ, ಮನೇಲೇ ಪ್ರೆಗ್ನೆನ್ಸಿ ಟೆಸ್ಟ್ ಕಾರ್ಡ್‌ನಲ್ಲಿ ಯೂರಿನ್ ಹಾಕಿ ನೋಡಲಾ ಅಂತ ಕೇಳಿದ್ರಲ್ಲ.

ಖರ್ಚಿಗೆ ಕಾರ್ಡೇ ಸೈ. ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ, ಯಾರಿಗೂ ಹೇಳಬೇಕಿಲ್ಲ. ಆದರೆ ತಾಳ್ಮೆ ಬೇಕು. ಗರ್ಭ ಹೋದ ಮೇಲೂ ಕಾರ್ಡ್ ಪತ್ತೆ ಹಚ್ಚೋ ಎಚ್‌ಸಿಜಿ ಅನ್ನೋ ಗರ್ಭದ ಹಾರ್ಮೋನು ವಾರಗಟ್ಟಲೆ ಮೈಯಲ್ಲಿರುತ್ತೆ. ಈಗಲೇ ನೋಡಿದರೆ ಎರಡನೇ ಗೆರೆ ಮಸುಕಾಗಿ ಮೂಡಿ ಸುಮ್ಮನೆ ಗಾಬರಿ. ಮಾತ್ರೆ ತಗೊಂಡು 4 ವಾರ ಕಳೆಯಲಿ.

ಸ್ಕ್ಯಾನ್‌ನಲ್ಲಿ ಗರ್ಭಚೀಲ ಹೋಗಿದೆಯಾ ಅನ್ನೋದು 2 ವಾರಕ್ಕೇ ಗೊತ್ತಾಗುತ್ತೆ. ಅದರ ತೊಡಕು ಬೇರೆ: ಹೆಪ್ಪುಗಟ್ಟಿದ ರಕ್ತ ಕಂಡು ‘ಇನ್ನೂ ಉಳಿದಿದೆ’ ಅಂತ ರಿಪೋರ್ಟ್ ಬರೋದುಂಟು. ಬ್ಲೀಡಿಂಗ್ ಇಳಿಯುತ್ತಾ ಇದ್ದು, ನೋವು ಜ್ವರ ಇಲ್ಲ ಅಂದ್ರೆ ಅಷ್ಟಕ್ಕೇ ಗರ್ಭಕೋಶದ ಕ್ಲೀನಿಂಗ್ ಸಾಮಾನ್ಯವಾಗಿ ಬೇಕಾಗಲ್ಲ. ಡಾಕ್ಟರನ್ನ ಬಿಡಿಸಿ ಕೇಳಿ, ಸಂಕೋಚ ಬೇಡ.

ರಕ್ತ ಗಡ್ಡೆಗಡ್ಡೆಯಾಗಿ ಹೋಗಿ, ವಾಕರಿಕೆಯೂ ನಿಂತಿದ್ದರೆ ಕಾರ್ಡ್ ಸಾಕು. ಬ್ಲೀಡಿಂಗ್ ಸರಿಯಾಗಿ ಆಗಲೇ ಇಲ್ಲ, ಅಥವಾ ಮಾತ್ರೆ ತಗೊಳ್ಳೋ ಮೊದಲು ಸ್ಕ್ಯಾನೇ ಮಾಡಿಸಿರಲಿಲ್ಲ ಅಂದ್ರೆ ಕಾಯಬೇಡಿ, ಸ್ಕ್ಯಾನ್ ಮಾಡಿಸಿ. ಗರ್ಭ ಗರ್ಭಕೋಶದ ಹೊರಗೆ, ಟ್ಯೂಬಿನಲ್ಲಿ ನಿಂತಿದ್ದರೆ ಈ ಮಾತ್ರೆ ಕೆಲಸ ಮಾಡಲ್ಲ.

ಗಂಟೆಗೆ 2 ಪ್ಯಾಡ್ ಪೂರ್ತಿ ತೊಯ್ದು 2 ಗಂಟೆ ಹಾಗೇ ಮುಂದುವರಿದರೆ, ತಲೆ ಸುತ್ತಿದರೆ, ಜ್ವರ ಬಿಡದಿದ್ದರೆ ಎರಡನ್ನೂ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.