ಐದೂವರೆ ವರ್ಷ ಬಳಸಿದ ಟ್ಯಾಬ್ ಕೊಟ್ಟು ಎಂಟು ತಿಂಗಳಾಯಿತು

10.1 ಇಂಚಿನ ಆಂಡ್ರಾಯ್ಡ್ ಟ್ಯಾಬ್. 2019ರ ದೀಪಾವಳಿ ಆಫರ್‌ನಲ್ಲಿ ಕೊಂಡಿದ್ದೆ. 2025ರ ಯುಗಾದಿ ಹೊತ್ತಿಗೆ ಅಣ್ಣನ ಮಗಳಿಗೆ ಕೊಟ್ಟೆ. ಕಂಪನಿ ಹೆಸರು ಇಲ್ಲಿ ಮುಖ್ಯ ಅಲ್ಲ, ಯಾವ ಕಂಪನಿಯದ್ದಾದರೂ ನಮ್ಮ ಮನೆಯಲ್ಲಿ ಹೀಗೇ ಆಗುತ್ತಿತ್ತು.

ನಾನು ಅದನ್ನು ಕೊಂಡಿದ್ದು ಓದುವುದಕ್ಕೆ. ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ರಾಶಿ ರಾಶಿ ಇವೆ, ಗೊತ್ತಲ್ವಾ? ಅವನ್ನು ಫೋನಿನಲ್ಲಿ ಓದುವುದು ಬಹಳ ಕಷ್ಟ. ಸ್ಕ್ಯಾನ್ ಅಂದರೆ ಬರೀ ಚಿತ್ರ, ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ, ಚಿಕ್ಕದು ಮಾಡಿದರೆ ಒತ್ತಕ್ಷರ ಎಲ್ಲ ಕಲಸಿಹೋಗಿ ತ ಒತ್ತೋ ನ ಒತ್ತೋ ತಿಳಿಯುವುದಿಲ್ಲ. ಟ್ಯಾಬನ್ನು ಉದ್ದಕ್ಕೆ ಹಿಡಿದರೆ ಪರದೆ ಹೆಚ್ಚುಕಡಿಮೆ 22 ಸೆಂ.ಮೀ. ಎತ್ತರ, 14 ಸೆಂ.ಮೀ. ಅಗಲ. ನಮ್ಮ ಡೆಮಿ 1/8 ಪುಸ್ತಕದ ಅಳತೆಯೂ ಹತ್ತಿರ ಹತ್ತಿರ ಅಷ್ಟೇ. ಪುಟ ಇದ್ದ ಹಾಗೇ ಕಾಣುತ್ತಿತ್ತು. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ನನ್ನ ಕೈಗೆ ಸಿಕ್ಕಿಲ್ಲ.

ಆದರೆ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮಗಳಿಗೆ ಐದನೇ ಕ್ಲಾಸಿನ ಪಾಠ ಅದರಲ್ಲೇ ಶುರುವಾಯಿತು. ಅದೇ ವರ್ಷ ಮಗ ಹುಟ್ಟಿದ. ಅವನು ಅನ್ನ ತಿನ್ನುವ ಹೊತ್ತಿಗೆ ಟ್ಯಾಬ್ ಊಟದ ಮೇಜಿಗೆ ಬಂದು ಕೂತಿತ್ತು. ಹಾಡು ಹಾಕಿದರೆ ಬಾಯಿ ತೆರೆಯುತ್ತಿದ್ದ, ನಿಲ್ಲಿಸಿದರೆ ಬಾಯಿ ಮುಚ್ಚುತ್ತಿದ್ದ. ಏನು ತಿನ್ನುತ್ತಿದ್ದೇನೆ ಅಂತ ತಟ್ಟೆ ಕಡೆ ನೋಡುತ್ತಲೇ ಇರಲಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮಲ್ಲಿ ಮೂರು ಹೊತ್ತಿನ ಊಟಕ್ಕೇ ಅದಕ್ಕಿಂತ ಜಾಸ್ತಿ ಆಗುತ್ತಿತ್ತು. ರಾತ್ರಿ ಮಕ್ಕಳು ಮಲಗಿದ ಮೇಲೆ ನಾನು ಪುಸ್ತಕ ಓದೋಣ ಅಂತ ಕೈಗೆತ್ತಿಕೊಂಡು, ಮೊದಲು ಒಂದು ವಿಡಿಯೊ ನೋಡಿ, ಆಮೇಲೆ ಇನ್ನೊಂದು ನೋಡಿ, ಹನ್ನೆರಡೂವರೆಗೆ ಕಣ್ಣು ಉರಿ ಬಂದಾಗ ಪುಸ್ತಕ ತೆರೆಯದೇ ಮಲಗಿದ ದಿನಗಳೇ ಹೆಚ್ಚು.

ಕೊಡುವ ಹೊತ್ತಿಗೆ ಬ್ಯಾಟರಿ ಮೂರು ಗಂಟೆಗಿಂತ ಜಾಸ್ತಿ ಬರುತ್ತಿರಲಿಲ್ಲ. ಹೊಸ ಆಂಡ್ರಾಯ್ಡ್ ಬರುವುದು ಯಾವತ್ತೋ ನಿಂತಿತ್ತು. ಪಿಡಿಎಫ್ ಓದಲು ಮಾತ್ರ ಏನೂ ತೊಂದರೆ ಇರಲಿಲ್ಲ. ಅಣ್ಣನ ಮಗಳು ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮಾಡುತ್ತಿದ್ದಾಳೆ, ನನ್ನ ಸ್ಕ್ಯಾನ್‌ಗಳೂ ಅವಳಿಗೇ ಬೇಕಾಗಿದ್ದವು.

ಮೊದಲ ನಾಲ್ಕು ದಿನ ಮಗನದು ರಂಪಾಟ. ಒಂದು ರಾತ್ರಿ ಬರೀ ಹಾಲು ಕುಡಿದು ಮಲಗಿದ, ನನಗೆ ನಿದ್ದೆಯೇ ಬರಲಿಲ್ಲ. ಐದನೇ ದಿನ ಅತ್ತೆ ಒಂದು ದೊಡ್ಡ ಬೇಸಿನ್‌ನಲ್ಲಿ ಸಾರನ್ನ ಕಲಸಿ, ಮೇಲೆ ತುಪ್ಪ ಹಾಕಿ, ಇಬ್ಬರು ಮಕ್ಕಳನ್ನೂ ಎದುರು ಕೂರಿಸಿಕೊಂಡು ಕೈತುತ್ತು ಹಾಕಿದರು. ಹತ್ತನೇ ಕ್ಲಾಸಿನ ಮಗಳೂ ಕೈ ಒಡ್ಡಿದಳು. ಅಕ್ಕನ ತುತ್ತು ದೊಡ್ಡದು, ನನ್ನದು ಚಿಕ್ಕದು ಅಂತ ಮಗ ಜಗಳ ತೆಗೆದ. ಆವತ್ತು ಅವನು ತಿಂದಷ್ಟು ಅನ್ನವನ್ನು ಅದಕ್ಕೆ ಮುಂಚೆ ತಿಂದಿದ್ದನ್ನು ನಾನು ನೋಡಿರಲಿಲ್ಲ. ಈಗ ಸಾರಿಗೆ ಉಪ್ಪು ಕಡಿಮೆ ಅಂತಲೂ ಹೇಳುತ್ತಾನೆ. ರುಚಿ ಗೊತ್ತಾಗುತ್ತಿದೆ ಅಂತ ನನಗೆ ಬಹಳ ಖುಷಿ.

ನನ್ನ ವಿಷಯಕ್ಕೆ ಬಂದರೆ, ಮೊದಲ ಎರಡು ವಾರ ಆ ಸಮಯವೆಲ್ಲ ಫೋನಿಗೆ ಹೋಯಿತು. ಇದನ್ನು ಹೇಳಲೇಬೇಕು, ಟ್ಯಾಬ್ ಒಂದನ್ನೇ ಬಿಟ್ಟರೆ ಸಾಲದು. ಫೋನಿನ ಚಾರ್ಜರನ್ನು ಮಲಗುವ ಕೋಣೆಯಿಂದ ತೆಗೆದು ಹಾಲ್‌ನಲ್ಲಿ ಇಟ್ಟೆ, ಏಳುವುದಕ್ಕೆ ಒಂದು ಅಲಾರಂ ಗಡಿಯಾರ ತಂದೆ. ಆಮೇಲೆ ಹಾಸಿಗೆಯಲ್ಲಿ ಕೈಗೆ ಸಿಗುವುದು ಪುಸ್ತಕ ಮಾತ್ರ. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಕಾರ್ಡ್ ಮಾಡಿಸಿದೆ. ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ಅಂತ ಶೇ 6 ನಾವೆಲ್ಲ ಕಟ್ಟುತ್ತಲೇ ಇರುತ್ತೇವೆ, ಆದರೂ ಹೆಚ್ಚಿನವರು ಒಳಗೆ ಕಾಲಿಟ್ಟಿರುವುದಿಲ್ಲ, ದಯವಿಟ್ಟು ಹೋಗಿ. ಈಗ ಹದಿನೈದು ದಿನಕ್ಕೆ ಒಂದು ಕಾದಂಬರಿ ಮುಗಿಯುತ್ತಿದೆ. ಹನ್ನೊಂದಕ್ಕೆಲ್ಲ ನಿದ್ದೆ.

ಕಳೆದುಕೊಂಡಿದ್ದೂ ಇದೆ. ಮೈದುನ ಸಿಡ್ನಿಯಲ್ಲಿದ್ದಾರೆ. ಭಾನುವಾರದ ವಿಡಿಯೊ ಕಾಲ್‌ನಲ್ಲಿ ಅತ್ತೆಗೆ ಫೋನಿನಲ್ಲಿ ಮೊಮ್ಮಗುವಿನ ಮುಖ ಸರಿಯಾಗಿ ಕಾಣುವುದಿಲ್ಲ. ಲ್ಯಾಪ್‌ಟಾಪ್ ಹಾಕಿಕೊಡುತ್ತೇವೆ, ಆದರೆ ಟ್ಯಾಬ್ ಹಿಡಿದು ಅಡುಗೆಮನೆಗೆ ಹೋಗಿ ಉಪ್ಪಿನಕಾಯಿ ಜಾಡಿ ತೋರಿಸಿ, ಹಿತ್ತಲಿಗೆ ಹೋಗಿ ಕರಿಬೇವಿನ ಗಿಡ ತೋರಿಸಿ ಬರುತ್ತಿದ್ದ ಹಾಗೆ ಅದನ್ನು ಹೊತ್ತು ತಿರುಗುವುದಕ್ಕೆ ಅವರಿಗೆ ಆಗುವುದಿಲ್ಲ. ಅದು ನನಗೆ ಈಗಲೂ ಬೇಜಾರು. ಹಳೆಯ ಸ್ಕ್ಯಾನ್ ಓದುವುದೂ ಬಹುತೇಕ ನಿಂತಿದೆ, ಗ್ರಂಥಾಲಯದಲ್ಲಿ ಅವೆಲ್ಲ ಸಿಗುವುದಿಲ್ಲ.

ನೀವೂ ಯಾರಿಗಾದರೂ ಕೊಡುವುದಿದ್ದರೆ ಎರಡು ಮಾತು. ಬೇಕಾದ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಸೆಟ್ಟಿಂಗ್ಸ್‌ಗೆ ಹೋಗಿ ಮೊದಲು ಗೂಗಲ್ ಅಕೌಂಟ್ ತೆಗೆಯಿರಿ, ಆಮೇಲೆ ರೀಸೆಟ್ ಮಾಡಿ. ನಾನು ಬಟನ್ ಒತ್ತಿ ಸೀದಾ ರೀಸೆಟ್ ಮಾಡಿಬಿಟ್ಟೆ, ಅಲ್ಲಿ ಆನ್ ಮಾಡಿದಾಗ ನನ್ನದೇ ಹಳೆಯ ಅಕೌಂಟ್, ಪಾಸ್‌ವರ್ಡ್ ಕೇಳಿತು. ಕದ್ದ ಸಾಧನ ಬಳಸಲು ಆಗಬಾರದು ಅಂತ ಇರುವ ಬೀಗ ಅದು. ಹಾಗೇ ಹಿಂಬದಿ ಉಬ್ಬಿದೆಯಾ ನೋಡಿ. ಉಬ್ಬಿದ್ದರೆ ಬ್ಯಾಟರಿ ಕೆಟ್ಟಿದೆ ಅಂತ ಅರ್ಥ, ಅದನ್ನು ಚಾರ್ಜ್‌ಗೆ ಹಾಕಬೇಡಿ, ಯಾರಿಗೂ ಕೊಡಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಒಪ್ಪಿಸಿ.

ಮಗಳು ಮುಂದಿನ ವರ್ಷ ಪಿಯುಸಿ, ಆಗ ಒಂದು ಬೇಕಾಗಬಹುದು. ತಂದರೆ ಭಾನುವಾರ ಒಂದು ಗಂಟೆ ಅತ್ತೆಗೆ, ಉಳಿದ ದಿನ ಓದಿಗೆ ಅಂತ ಮಾತಾಡಿಕೊಂಡಿದ್ದೇವೆ. ಊಟದ ಮೇಜಿನ ಮೇಲೆ ಮಾತ್ರ ಇಡಕೂಡದು ಅಂತ ಅತ್ತೆ ಈಗಲೇ ಹೇಳಿದ್ದಾರೆ.