ಗ್ರೇಡಲ್ ಬಳಸಿ ನೋಡಿದ್ದು: ವ್ರ್ಯಾಪರ್‌ಗೆ ಪೂರ್ತಿ ಅಂಕ, ಮಿಕ್ಕಿದ್ದಕ್ಕೆ ಸ್ವಲ್ಪ ಚೌಕಾಸಿ

ಮೊದಲೇ ಹೇಳಿಬಿಡುತ್ತೇನೆ. ಗ್ರೇಡಲ್ ಅಂದರೆ ಬಿಲ್ಡ್ ಟೂಲ್, ಬರೆದ ಕೋಡನ್ನು ಕಂಪೈಲ್ ಮಾಡಿ, ಟೆಸ್ಟ್ ಮಾಡಿ, ಬಳಸಲು ತಯಾರು ಮಾಡಿಕೊಡುತ್ತದೆ. ಸಣ್ಣ ಓಪನ್ ಸೋರ್ಸ್ ಜಾವಾ ಪ್ರಾಜೆಕ್ಟ್‌ಗೆ ಗ್ರೇಡಲ್ ಹಾಕಿಕೊಳ್ಳಬಹುದು. ಆದರೆ ವೇಗ ಅಂತ ಎಲ್ಲರೂ ಹೊಗಳುತ್ತಾರಲ್ಲ, ಅದಕ್ಕೋಸ್ಕರ ಬೇಡ. ನಮ್ಮಷ್ಟು ಚಿಕ್ಕ ಕೋಡ್‌ಗೆ ಯಾವ ಟೂಲ್ ಹಾಕಿದರೂ ಬಿಲ್ಡ್ ಬೇಗಲೇ ಮುಗಿಯುತ್ತದೆ. ಹಾಕಿಕೊಳ್ಳುವುದಾದರೆ ಅದರ ವ್ರ್ಯಾಪರ್‌ಗೋಸ್ಕರ, ಅಂದರೆ ಬೇಕಾದ ಆವೃತ್ತಿಯ ಗ್ರೇಡಲ್ಲನ್ನು ತಾನೇ ಇಳಿಸಿಕೊಳ್ಳುವ ಸ್ಕ್ರಿಪ್ಟ್‌ಗೋಸ್ಕರ, ಹಾಕಿಕೊಳ್ಳಿ.

ನಮ್ಮದು ತುಮಕೂರಿನ ಕೆಲವು ಗೆಳೆಯರು ಬಿಡುವಿದ್ದಾಗ ನೋಡಿಕೊಳ್ಳುವ ಲೈಬ್ರರಿ. "ನುಡಿ" ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ಕೊಟ್ಟ ಫಾಂಟ್) ಟೈಪ್ ಮಾಡಿದ ಕನ್ನಡವನ್ನು ಯೂನಿಕೋಡ್‌ಗೆ ತಿರುಗಿಸುತ್ತದೆ. ಬಿ.ಎಚ್. ರಸ್ತೆ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಕರಪತ್ರ, ಸಂಘದ ವರದಿ ಅಂತ ವರ್ಷಗಟ್ಟಲೆ ಹಾಗೆ ಟೈಪ್ ಮಾಡಿಟ್ಟ ಫೈಲುಗಳಿವೆ, ಅವನ್ನು ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಬಿಟ್ಟು ಬೇರೇನೂ ಕಾಣುವುದಿಲ್ಲ. ಕೋಡ್ ಬರೆಯುವವರು ಹೆಚ್ಚಾಗಿ ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು, ಜೊತೆಗೆ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ನಮ್ಮಂಥವರು.

ಮೊದಲು ಇದ್ದದ್ದು ಆ್ಯಂಟ್ ಅನ್ನುವ ಬಿಲ್ಡ್ ಟೂಲ್. ಟಾಮ್‌ಕ್ಯಾಟ್ ಅನ್ನುವ ಜಾವಾ ವೆಬ್ ಸರ್ವರ್ ಬಿಲ್ಡ್ ಮಾಡಲು ಜೇಮ್ಸ್ ಡಂಕನ್ ಡೇವಿಡ್‌ಸನ್ ಬರೆದುಕೊಂಡದ್ದು, 2000ದಲ್ಲಿ ಸ್ವತಂತ್ರವಾಗಿ ಹೊರಬಂತು. ಕೆಟ್ಟದ್ದೇನಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತದೆ. ಆದರೆ ಡಿಪೆಂಡೆನ್ಸಿಗಳನ್ನು, ಅಂದರೆ ನಮ್ಮ ಕೋಡ್‌ಗೆ ಬೇಕಾದ ಬೇರೆಯವರ ಲೈಬ್ರರಿಗಳನ್ನು, ತಾನಾಗಿ ತರುವುದಿಲ್ಲ, ಅದಕ್ಕೆ ಐವಿ ಅಂತ ಇನ್ನೊಂದನ್ನು ಜೋಡಿಸಬೇಕು, ಇಲ್ಲದಿದ್ದರೆ ಲಿಬ್ ಫೋಲ್ಡರ್‌ನಲ್ಲಿ ಜಾರ್‌ಗಳನ್ನು (ಜಾವಾ ಲೈಬ್ರರಿಯ ಫೈಲುಗಳನ್ನು) ಸುರಿದುಕೊಂಡು ಕೂರಬೇಕು. ಹೊಸಬರು ಬಂದರೆ ಕೋಡ್ ನೋಡುವ ಮುಂಚೆಯೇ ಪ್ರಶ್ನೆಗಳು. ಯಾವ ಆ್ಯಂಟ್ ಹಾಕಲಿ, ಎಲ್ಲಿಂದ ಇಳಿಸಲಿ, ಪಾತ್ ಹೇಗೆ ಸೆಟ್ ಮಾಡಲಿ. ಅರ್ಧ ಜನ ಅಲ್ಲಿಗೇ ಮಾಯ.

ಮೇವೆನ್ ಅಂತ ಇನ್ನೊಂದು ಬಿಲ್ಡ್ ಟೂಲ್ ಇದೆಯಲ್ಲ, ಅದು ಯಾಕೆ ಬೇಡ ಅಂದಿರಿ ಅಂತ ಕೇಳುತ್ತಾರೆ. ಸಾಮಾನ್ಯ ಪ್ರಾಜೆಕ್ಟ್‌ಗೆ ನಾನೂ ಮೇವೆನ್ ಅಂತಲೇ ಹೇಳುವುದು, ಯಾರು ನೋಡಿದರೂ ಅರ್ಥವಾಗುತ್ತದೆ. ಆದರೆ ನಮ್ಮಲ್ಲಿ ಒಂದು ವಿಚಿತ್ರ ಇದೆ. ಯಾವ ಆಸ್ಕಿ ಗುರುತಿಗೆ ಯಾವ ಅಕ್ಷರ ಅನ್ನುವ ಪಟ್ಟಿ ಒಂದು ಟೆಕ್ಸ್ಟ್ ಫೈಲಿನಲ್ಲಿದೆ, ಕಂಪೈಲ್‌ಗೆ ಮುಂಚೆ ಅದರಿಂದ ಜಾವಾ ಕ್ಲಾಸ್ ತಯಾರಾಗಬೇಕು. ಮೇವೆನ್‌ನಲ್ಲಿ ಇದಕ್ಕೆ ಪ್ಲಗಿನ್ ಹುಡುಕಬೇಕು, ಇಲ್ಲ ಬರೆಯಬೇಕು. ಗ್ರೇಡಲ್‌ನಲ್ಲಿ ಕೆಲವೇ ಸಾಲಿನ ಒಂದು ಟಾಸ್ಕ್. ಒಳಗೆ ಹೋಗುವುದು ಈ ಫೈಲು, ಹೊರಗೆ ಬರುವುದು ಈ ಫೋಲ್ಡರು ಅಂತ ಹೇಳಿಟ್ಟರೆ ಸಾಕು, ಪಟ್ಟಿ ಬದಲಾಗದಿದ್ದರೆ ಆ ಕೆಲಸವನ್ನು ಅದು ಮತ್ತೆ ಮಾಡುವುದೇ ಇಲ್ಲ. ಇದು ನನಗೆ ತುಂಬಾ ಹಿಡಿಸಿತು.

ಇನ್ನು ವ್ರ್ಯಾಪರ್. ರೆಪೊ (ಕೋಡ್ ಇಟ್ಟಿರುವ ಜಾಗ) ಒಳಗೇ ಒಂದು ಪುಟ್ಟ ಸ್ಕ್ರಿಪ್ಟು, ಒಂದು ಚಿಕ್ಕ ಜಾರ್, ಒಂದು ಪ್ರಾಪರ್ಟೀಸ್ ಫೈಲ್ ಇರುತ್ತವೆ. ಕ್ಲೋನ್ ಮಾಡಿ, ಅಂದರೆ ರೆಪೊದ ಪ್ರತಿ ಇಳಿಸಿಕೊಂಡು, ಆ ಸ್ಕ್ರಿಪ್ಟ್ ಓಡಿಸಿದರೆ ಪ್ರಾಪರ್ಟೀಸ್‌ನಲ್ಲಿ ಬರೆದಿರುವ ಆವೃತ್ತಿಯ ಗ್ರೇಡಲ್ಲನ್ನೇ ಇಳಿಸಿಕೊಂಡು ಬಿಲ್ಡ್ ಶುರು ಮಾಡುತ್ತದೆ. ಹಾಸ್ಟೆಲಿನ ಲ್ಯಾಪ್‌ಟಾಪ್ ಆಗಲಿ, ಗಿಟ್‌ಹಬ್ ಆ್ಯಕ್ಷನ್ಸ್ (ಗಿಟ್‌ಹಬ್‌ನಲ್ಲೇ ತಾನಾಗಿ ಬಿಲ್ಡ್ ಓಡಿಸುವ ಸೇವೆ) ಆಗಲಿ, ಎಲ್ಲ ಕಡೆ ಒಂದೇ ಆವೃತ್ತಿ. "ನನ್ನ ಮೆಷಿನ್‌ನಲ್ಲಿ ಓಡುತ್ತೆ ಸರ್" ಅನ್ನೋ ಮಾತು ಪೂರ್ತಿ ನಿಂತಿಲ್ಲ, ಆದರೆ ಬಹಳ ಕಮ್ಮಿಯಾಗಿದೆ. ಮೊದಲ ಸಲ ಇಳಿಯುವುದು ನೂರು ಎಂಬಿಗೂ ಜಾಸ್ತಿ, ಮೊಬೈಲ್ ಡೇಟಾದಲ್ಲಿ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ. ಒಮ್ಮೆ ಎಲ್ಲ ಇಳಿದ ಮೇಲೆ ಆಫ್‌ಲೈನ್ ಅಂತ ಆಯ್ಕೆ ಕೊಟ್ಟರೆ ರೈಲಿನಲ್ಲಿ ನೆಟ್‌ವರ್ಕ್ ಹೋದರೂ ಬಿಲ್ಡ್ ಆಗುತ್ತದೆ. ಒಂದು ಎಚ್ಚರ: ಯಾರೋ ಕಳಿಸಿದ ಪುಲ್ ರಿಕ್ವೆಸ್ಟ್‌ನಲ್ಲಿ (ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆಯಲ್ಲಿ) ಆ ವ್ರ್ಯಾಪರ್ ಜಾರ್ ಬದಲಾಗಿದ್ದರೆ ಸುಮ್ನೆ ಮರ್ಜ್ ಮಾಡಬೇಡಿ. ಅದು ಬೈನರಿ, ಒಳಗೆ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಗ್ರೇಡಲ್‌ನವರೇ ಚೆಕ್‌ಸಮ್ (ಫೈಲು ಅಸಲಿಯೇ ಅಂತ ತಿಳಿಯಲು ಬಳಸುವ ಗುರುತು) ಕೊಟ್ಟಿದ್ದಾರೆ, ತಾಳೆ ನೋಡುವ ಆ್ಯಕ್ಷನ್ ಕೂಡ ಇದೆ. ಹಾಕಿಕೊಳ್ಳಿ.

ಕನ್ನಡದ ಕೆಲಸ ಮಾಡುವವರಿಗೆ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ರೀತಿ, ದೊಡ್ಡ ತಲೆನೋವು. ಜಾವಾ 18 ಬರುವವರೆಗೆ, ಅಂದರೆ 2022ರ ಮಾರ್ಚ್‌ವರೆಗೆ, ಯೂನಿಕೋಡ್‌ನ ಯುಟಿಎಫ್-8 ಎನ್‌ಕೋಡಿಂಗ್ ಡೀಫಾಲ್ಟ್ ಆಗಿರಲಿಲ್ಲ. ಆಪರೇಟಿಂಗ್ ಸಿಸ್ಟಮ್ ಏನು ಹೇಳುತ್ತದೋ ಅದು. ಹಳೆಯ ಜೆಡಿಕೆ (ಜಾವಾ ಕಂಪೈಲ್ ಮಾಡುವ ಕಿಟ್) ಇರುವ ವಿಂಡೋಸ್‌ನಲ್ಲಿ ಸೋರ್ಸ್ ಒಳಗೆ ಬರೆದ "ಕ" ಕಂಪೈಲ್ ಆಗುವಷ್ಟರಲ್ಲಿ ಇನ್ನೇನೋ ಆಗಿರುತ್ತದೆ, ಲಿನಕ್ಸ್‌ನಲ್ಲಿ ಪಾಸಾದ ಟೆಸ್ಟ್ ಅಲ್ಲಿ ಫೇಲ್. ಗ್ರೇಡಲ್‌ನಲ್ಲಿ ಯುಟಿಎಫ್-8 ಬಳಸು ಅಂತ ಎರಡು ಕಡೆ ಹೇಳಬೇಕು: ಕಂಪೈಲ್ ಟಾಸ್ಕ್‌ಗೆ ಒಮ್ಮೆ, ಟೆಸ್ಟ್ ಟಾಸ್ಕ್‌ಗೆ ಇನ್ನೊಮ್ಮೆ, ಯಾಕೆಂದರೆ ಟೆಸ್ಟ್‌ಗಳು ಬೇರೆ ಜೆವಿಎಂನಲ್ಲಿ (ಜಾವಾ ಓಡಿಸುವ ಪ್ರೋಗ್ರಾಂನಲ್ಲಿ) ಓಡುತ್ತವೆ. ಒಂದೇ ಕಡೆ ಹೇಳಿ ಬಿಟ್ಟರೆ ಅರ್ಧ ಸರಿಯಾಗುತ್ತದೆ. ಅರ್ಧ ಸರಿಯಾದದ್ದು ಪೂರ್ತಿ ಕೆಟ್ಟದ್ದಕ್ಕಿಂತ ಕಷ್ಟ, ಅಲ್ವಾ.

ಈಗ ಚೌಕಾಸಿ ವಿಷಯ. 2016ರ ಗ್ರೇಡಲ್ 3.0ರಿಂದ ಡೀಮನ್, ಅಂದರೆ ಹಿನ್ನೆಲೆಯಲ್ಲಿ ಕಾದು ಕೂರುವ ಗ್ರೇಡಲ್ ಪ್ರೋಗ್ರಾಂ, ತಾನಾಗಿ ಓಡುತ್ತದೆ, ಬಿಲ್ಡ್ ಮುಗಿದರೂ ಹೋಗುವುದಿಲ್ಲ, ಕೆಲಸವಿಲ್ಲದೆ ಮೂರು ಗಂಟೆ ಕಳೆದ ಮೇಲೆ ನಿಲ್ಲುತ್ತದೆ, ಉಂಡ ಮೇಲೂ ಎಲೆ ಮುಂದಿನಿಂದ ಏಳದ ನೆಂಟನ ಹಾಗೆ. 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಐಡಿಇ (ಕೋಡ್ ಬರೆಯುವ ಸಾಫ್ಟ್‌ವೇರ್), ಬ್ರೌಸರ್, ಡೀಮನ್, ಟೆಸ್ಟಿನ ಜೆವಿಎಂ ಎಲ್ಲ ಸೇರಿದರೆ ಮೌಸ್ ಅಲ್ಲಾಡಿಸುವುದೂ ಕಷ್ಟ. ಕೆಲಸವಾದ ಮೇಲೆ ಸ್ಟಾಪ್ ಕಮ್ಯಾಂಡ್ ಕೊಡಿ.

ದೋಷದ ಸಂದೇಶಗಳು ಇನ್ನೂ ಸುಧಾರಿಸಬೇಕು. ಜಾವಾ 21ರಲ್ಲಿ ಓಡಬೇಕಾದರೆ ಗ್ರೇಡಲ್ 8.5 ಅಥವಾ ಅದಕ್ಕಿಂತ ಹೊಸದು ಬೇಕು. ಹಳೆಯದಿದ್ದರೆ ಕ್ಲಾಸ್ ಫೈಲಿನ ಮೇಜರ್ ವರ್ಷನ್ 65 ಆಗಲ್ಲ ಅನ್ನುತ್ತದೆ. 65 ಅಂದರೆ ಜಾವಾ 21 ಅಂತ ಎರಡನೇ ವರ್ಷದ ವಿದ್ಯಾರ್ಥಿಗೆ ಹೇಗೆ ಗೊತ್ತಾಗಬೇಕು? ಹುಡುಕಿದರೆ ಸಿಗುವ ಉತ್ತರಗಳಲ್ಲೂ ಬಹಳಷ್ಟು ಹಳೆಯವು. ಡಿಪೆಂಡೆನ್ಸಿಗೆ "ಕಂಪೈಲ್" ಅಂತ ಬರೆಯಿರಿ ಅನ್ನುತ್ತವೆ, ಅದನ್ನು 2021ರ 7.0ರಲ್ಲೇ ತೆಗೆದುಹಾಕಿದ್ದಾರೆ, ಈಗ "ಇಂಪ್ಲಿಮೆಂಟೇಶನ್" ಅನ್ನಬೇಕು. ಮೇಲಿಂದ ಬಿಲ್ಡ್ ಫೈಲು ಬರೆಯಲು ಗ್ರೂವಿ ಭಾಷೆ ಒಂದು, ಕಾಟ್ಲಿನ್ ಭಾಷೆ ಒಂದು, ಎರಡು ಬಗೆಯ ಬರವಣಿಗೆ. ನಾವು ಕಾಟ್ಲಿನ್ ಹಿಡಿದೆವು. ಐಡಿಇ ಸಲಹೆಗಳು ಅದರಲ್ಲಿ ಚೆನ್ನಾಗಿ ಬರುತ್ತವೆ.

ಪ್ರಕಟಣೆಯಲ್ಲಿ ಮಾತ್ರ ಮೇವೆನ್‌ಗೇ ಗೆಲುವು. ಜಾವಾ ಲೈಬ್ರರಿಗಳ ಸಾರ್ವಜನಿಕ ಭಂಡಾರವಾದ ಮೇವೆನ್ ಸೆಂಟ್ರಲ್‌ಗೆ ಕಳಿಸುವ ಹಳೆಯ ದಾರಿ 2025ರ ಜೂನ್ 30ಕ್ಕೆ ಮುಚ್ಚಿತು. ಹೊಸ ಪೋರ್ಟಲ್‌ಗೆ ಮೇವೆನ್ ಬಳಸುವವರಿಗೆ ಅಧಿಕೃತ ಪ್ಲಗಿನ್ ಇದೆ, ಗ್ರೇಡಲ್ ಬಳಸುವವರು ಸಮುದಾಯದವರು ಬರೆದ ಪ್ಲಗಿನ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಯಾವುದು ಅಂತ ನಮ್ಮಲ್ಲಿ ಚರ್ಚೆ ನಡೆಯುತ್ತಲೇ ಇದೆ. ಅಲ್ಲಿವರೆಗೆ ಜಾರ್ ಬೇಕಾದವರು ಗಿಟ್‌ಹಬ್‌ನ ರಿಲೀಸ್ ಪುಟದಿಂದಲೇ ಇಳಿಸಿಕೊಳ್ಳಿ.