ಬ್ಯಾಂಕಾಕಿನಲ್ಲಿ ಬಾಡಿಗೆ ಮನೆ: ಅಪಾರ್ಟ್‌ಮೆಂಟಾ, ಕಾಂಡೋನಾ?

ಹೋದ ವಾರ ನಮ್ಮ ಕಾಂಡೋದ ಎರಡನೇ ವರ್ಷದ ಕರಾರಿಗೆ ಸಹಿ ಹಾಕಿದೆ. ಹಾಗಾಗಿ ಯಾವುದು ಗೆದ್ದಿತು ಅಂತ ನಿಮಗೆ ಈಗಲೇ ಗೊತ್ತಾಯಿತು. ಆದರೂ ಬರೆಯುತ್ತಿದ್ದೇನೆ. ಊರಿಂದ ಆಗಾಗ ಯಾರಾದರೂ ಫೋನ್ ಮಾಡಿ, "ಬ್ಯಾಂಕಾಕಿಗೆ ವರ್ಗ ಆಗಿದೆ, ಮನೆ ಎಂಥದ್ದು ಮಾಡಲಿ, ತಿಂಗಳ ಖರ್ಚು ಎಷ್ಟಾಗುತ್ತೆ?" ಅಂತ ಕೇಳುತ್ತಾರೆ. ಪ್ರತಿ ಸಲ ಅದೇ ಪುರಾಣ ಹೇಳಿ ಸಾಕಾಗಿದೆ.

ಮೊದಲು ಒಂದು ಮಾತು. ಬೆಂಗಳೂರಿನಲ್ಲಿ ನಾವು ಅಪಾರ್ಟ್‌ಮೆಂಟ್ ಅನ್ನುವುದಕ್ಕೆ ಇಲ್ಲಿ ಕಾಂಡೋ ಅನ್ನುತ್ತಾರೆ: ಒಂದೊಂದು ಫ್ಲ್ಯಾಟಿಗೂ ಬೇರೆ ಬೇರೆ ಮಾಲೀಕರು. ಇಲ್ಲಿ ಅಪಾರ್ಟ್‌ಮೆಂಟ್ ಅಂದರೆ ಇಡೀ ಕಟ್ಟಡ ಒಬ್ಬರದೇ, ಕೆಳಗೊಂದು ಆಫೀಸು, ಮೇಲೆಲ್ಲ ಬಾಡಿಗೆಯ ಕೊಠಡಿಗಳು. ನಮ್ಮ ವಠಾರಕ್ಕೆ ಲಿಫ್ಟು, ಏಸಿ ಹಾಕಿದರೆ ಹೇಗಿರುತ್ತೋ ಹಾಗೆ. ಈ ವ್ಯತ್ಯಾಸ ಗೊತ್ತಿಲ್ಲದೆ ಬಂದಿಳಿದವರು ನಾವು.

ಮೊದಲ ಆರು ತಿಂಗಳು ಆನ್ ನಟ್ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಬಾಡಿಗೆ 9,500 ಬಾತ್. (ಬಾತ್ ಅಂದರೆ ಇಲ್ಲಿ ದುಡ್ಡು, ಉಪ್ಪಿಟ್ಟಿನ ಅಣ್ಣ ಅಲ್ಲ. ಒಂದು ಬಾತಿಗೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಲೆಕ್ಕ ಹಾಕಿಕೊಳ್ಳಿ.) ಆಮೇಲೆ ಪುನ್ನವಿತಿ ಸ್ಟೇಷನ್ ಹತ್ತಿರ ಒಂದು ಹಳೇ ಕಾಂಡೋಕ್ಕೆ ಬಂದೆವು. ಬಾಡಿಗೆ 12,000. ಆ ‘ವಿತಿ’ ನಮ್ಮ ವೀಥಿಯೇ ಅಂತ ಗೊತ್ತಾದ ದಿನ ನನಗೆ ಸುಮ್ನೆ ಒಂದು ಖುಷಿ.

ಕಾಗದದ ಮೇಲೆ ಅಪಾರ್ಟ್‌ಮೆಂಟು 2,500 ಬಾತ್ ಅಗ್ಗ. ನಾವು ಬಿದ್ದಿದ್ದೇ ಅಲ್ಲಿ.

ಕೊಠಡಿ ತೋರಿಸಿದ ಮ್ಯಾನೇಜರಮ್ಮನಿಗೆ ಅರವತ್ತರ ಹತ್ತಿರ. ಎಲ್ಲರೂ ಆಕೆಯನ್ನು ‘ಪಾ’ ಅನ್ನುತ್ತಿದ್ದರು, ಅಂದರೆ ದೊಡ್ಡಮ್ಮ. ಇಲ್ಲೂ ನಮ್ಮ ಹಾಗೆ, ಗುರುತಿಲ್ಲದವರನ್ನೂ ಅಕ್ಕ, ಅಣ್ಣ, ದೊಡ್ಡಮ್ಮ ಅಂತಲೇ ಕರೆಯುವುದು. ಪಾ ಮಂಚ ತೋರಿಸಿದರು, ಬೀರು ತೋರಿಸಿದರು, ಏಸಿ ಹಾಕಿ ತೋರಿಸಿದರು. ಕೊನೆಗೆ "ಕಾ ಫಾಯ್" ಅಂದು ಎಂಟು ಬೆರಳು ಎತ್ತಿದರು.

ನನ್ನ ಹೆಂಡತಿ ಕಣ್ಣರಳಿಸಿ, "ರೀ, ಎಂಟು ಬಾತಿಗೆ ಕಾಫಿ ಕೊಡ್ತಾರಂತೆ!" ಅಂದಳು.

ನಾನೂ ತಲೆ ಆಡಿಸಿದೆ. ಅಗ್ಗವಾಯಿತಲ್ಲ! ಕೆಳಗೆ ಎಲ್ಲೋ ಮೆಷಿನ್ ಇರಬೇಕು ಅಂದುಕೊಂಡೆವು.

ಕಾ ಫಾಯ್ ಅಂದರೆ ಕರೆಂಟ್ ಚಾರ್ಜು. ಯೂನಿಟ್ಟಿಗೆ ಎಂಟು ಬಾತ್. ಅದು ತಿಳಿದಿದ್ದು ಮೊದಲ ತಿಂಗಳ ಕೊನೆಗೆ, ಬಾಗಿಲ ಕೆಳಗಿಂದ ಒಂದು ಗುಲಾಬಿ ಚೀಟಿ ತೂರಿ ಬಂದಾಗ. 280 ಯೂನಿಟ್, 2,240 ಬಾತ್. ಮೀಟರ್ ತಪ್ಪು ಓಡುತ್ತಿದೆ ಅಂತಲೇ ನನಗೆ ಅನುಮಾನ. ಮಾರನೇ ದಿನದಿಂದ ಬೆಳಿಗ್ಗೆ ರಾತ್ರಿ ಕಾರಿಡಾರಿನ ಮೀಟರಿನ ಫೋಟೋ ತೆಗೆಯಲು ಶುರು ಮಾಡಿದೆ. ಎದುರು ಮನೆಯ ಹುಡುಗ ನನ್ನನ್ನು ನೋಡಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಎರಡು ವಾರ ಲೆಕ್ಕ ಇಟ್ಟ ಮೇಲೆ ಗೊತ್ತಾಯಿತು, ಮೀಟರ್ ಸರಿಯಾಗೇ ಇದೆ, ದರವೇ ಹಾಗೆ.

ಇಲ್ಲಿನ ಸರ್ಕಾರಿ ದರ ಹೇಳುತ್ತೇನೆ ಕೇಳಿ. ಬ್ಯಾಂಕಾಕಿಗೆ ಕರೆಂಟ್ ಕೊಡುವುದು ಎಂಇಎ, ನಮ್ಮ ಬೆಸ್ಕಾಂ ಇದ್ದ ಹಾಗೆ. ಮನೆಗಳಿಗೆ ಮೊದಲ 150 ಯೂನಿಟ್‌ಗೆ ತಲಾ 3.25 ಬಾತ್, ಅಲ್ಲಿಂದ 400ರ ತನಕ 4.22, ಅದರ ಮೇಲೆ 4.42. ಇದಕ್ಕೆ ಎಫ್‌ಟಿ ಅನ್ನುವ ಇಂಧನದ ಸರ್‌ಚಾರ್ಜು ಸೇರುತ್ತದೆ, ಅದು ಆಗಾಗ ಬದಲಾಗುತ್ತದೆ. ಆಮೇಲೆ ಸಣ್ಣದೊಂದು ಸೇವಾ ಶುಲ್ಕ, 7% ವ್ಯಾಟ್. ಎಲ್ಲ ಕೂಡಿಸಿದರೂ ಆ 280 ಯೂನಿಟ್ಟಿಗೆ 1,250ರ ಆಸುಪಾಸು ಬರುತ್ತದೆ. ನಾನು ಕೊಟ್ಟಿದ್ದು 2,240. ಅಂದರೆ ಹತ್ತಿರ ಹತ್ತಿರ ಸಾವಿರ ಬಾತ್ ಸುಮ್ನೆ.

ಪಾ ಹತ್ತಿರ ಹೋಗಿ ಫೋನಿನ ಅನುವಾದ ತೋರಿಸಿ ಕೇಳಿದೆ. ಆಕೆ ನಕ್ಕು ಗೋಡೆ ಕಡೆ ಕೈ ತೋರಿಸಿದರು. ಅಲ್ಲಿ ಥಾಯ್ ಲಿಪಿಯಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದರು. ನಾನು ದಿನಾ ಅದರ ಮುಂದೆ ನಿಂತೇ ಲಿಫ್ಟಿಗೆ ಕಾಯುತ್ತಿದ್ದೆ. ಲಿಪಿ ಬರದಿದ್ದರೂ 8 ಅನ್ನುವ ಅಂಕಿ ಕಾಣುತ್ತಿತ್ತಲ್ಲ, ನೋಡಿರಲಿಲ್ಲ ಅಷ್ಟೆ.

ಸಿಟ್ಟು ಬಂದಿದ್ದು ಆಮೇಲೆ. ಐದು ಅಥವಾ ಹೆಚ್ಚು ಕೊಠಡಿ ಬಾಡಿಗೆಗೆ ಕೊಡುವವರು ಕರೆಂಟಿಗೆ ನಿಜವಾದ ದರಕ್ಕಿಂತ ಜಾಸ್ತಿ ವಸೂಲಿ ಮಾಡಬಾರದು ಅಂತ 2018ರಲ್ಲೇ ಇಲ್ಲಿ ನಿಯಮ ಬಂದಿದೆ. ನಮ್ಮ ಕಟ್ಟಡದಲ್ಲಿ ಎಂಬತ್ತು ಕೊಠಡಿ. ಆದರೆ ನಾನು ಅದನ್ನು ಓದಿದ್ದು ಮನೆ ಬಿಟ್ಟು ಬಂದ ಮೇಲೆ. ಮೊದಲೇ ಓದಿದ್ದರೂ ಪಾ ಜೊತೆ ಫೋನ್ ಹಿಡಿದು ಕಾನೂನು ಮಾತಾಡುತ್ತಿದ್ದೆನೋ ಇಲ್ಲವೋ. ವೀಸಾ ಮೇಲೆ ಬಂದವನಿಗೆ ಬಾಯಿ ಸ್ವಲ್ಪ ಕಮ್ಮಿಯೇ.

ನನ್ನ ಕೆಲಸ ಅರ್ಧ ವಾರ ಮನೆಯಿಂದಲೇ. ಏಪ್ರಿಲ್ ಬಂದರೆ ಇಲ್ಲಿ ಮಧ್ಯಾಹ್ನ 37, 38 ಡಿಗ್ರಿ, ಜೊತೆಗೆ ಮಂಗಳೂರಿನ ಬೆವರು. ಏಸಿ ಇಲ್ಲದೆ ಲ್ಯಾಪ್‌ಟಾಪ್ ಮುಂದೆ ಕೂರಲು ಆಗಲ್ಲ. ಅಪಾರ್ಟ್‌ಮೆಂಟಿನ ಏಪ್ರಿಲ್ ಬಿಲ್ಲು 410 ಯೂನಿಟ್‌ಗೆ 3,280 ಬಾತ್. ಈ ವರ್ಷದ ಏಪ್ರಿಲಿನಲ್ಲಿ ಕಾಂಡೋದಲ್ಲೂ ಹೆಚ್ಚು ಕಡಿಮೆ ಅಷ್ಟೇ ಸುಟ್ಟಿದ್ದೇವೆ, ಬಿಲ್ಲು ಬಂದಿದ್ದು 1,900ರ ಹತ್ತಿರ. ಎಂಇಎ ಹೆಸರಿನಲ್ಲೇ ಬರುತ್ತದೆ. ಕೆಳಗಿನ ಸೆವೆನ್ ಇಲೆವೆನ್‌ಗೆ ಹೋಗಿ, ಹಾಲಿನ ಜೊತೆ ಬಾರ್‌ಕೋಡ್ ತೋರಿಸಿದರೆ ಆಯಿತು.

ಇನ್ನು ಅಡುಗೆ. ಇದು ಕರೆಂಟಿಗಿಂತ ದೊಡ್ಡ ಖರ್ಚು ಅಂತ ನನಗೆ ತಡವಾಗಿ ಹೊಳೆಯಿತು.

ಇಂಥ ಅಪಾರ್ಟ್‌ಮೆಂಟುಗಳಲ್ಲಿ ಬಹಳಷ್ಟಕ್ಕೆ ಅಡುಗೆಮನೆಯೇ ಇಲ್ಲ. ಬೀದಿ ಬೀದಿಯಲ್ಲಿ ಊಟ ಸಿಗುವ ಊರು, ಮನೆಯಲ್ಲಿ ಯಾಕೆ ಬೇಯಿಸಬೇಕು? ನಮಗೆ ಸಿಕ್ಕಿದ್ದು ಬಾಲ್ಕನಿಯಲ್ಲೊಂದು ಸಿಂಕು. ಅದರ ಪಕ್ಕ ಸ್ಟೂಲ್ ಇಟ್ಟು, ಸ್ಟೂಲಿನ ಮೇಲೆ ಇಂಡಕ್ಷನ್ ಒಲೆ. ಏಸಿಯ ಹೊರಗಿನ ಪೆಟ್ಟಿಗೆಯೂ ಅಲ್ಲೇ, ಸರಿಯಾಗಿ ಮೊಣಕಾಲಿನ ಎತ್ತರಕ್ಕೆ. ಒಳಗೆ ನಾನು ಏಸಿ ಹಾಕಿಕೊಂಡು ಮೀಟಿಂಗ್‌ನಲ್ಲಿದ್ದರೆ, ಹೊರಗೆ ಸಾರು ಕುದಿಸುವವಳ ಕಾಲಿಗೆ ಬಿಸಿಗಾಳಿ. "ನೀವು ಮೀಟಿಂಗ್ ಮಾಡಿ, ನಾನಿಲ್ಲಿ ಹೋಮ ಮಾಡ್ತೀನಿ" ಅನ್ನುತ್ತಿದ್ದಳು.

ಒಂದು ಸಂಜೆ ಇಂಗು ಹಾಕಿ ಒಗ್ಗರಣೆ ಕೊಟ್ಟಿದ್ದಾಳೆ. ಐದೇ ನಿಮಿಷಕ್ಕೆ ಪಾ ಬಾಗಿಲಲ್ಲಿ. ಮೂಗಿನ ಮುಂದೆ ಕೈ ಆಡಿಸುತ್ತ "ಮೆನ್ ಮಾಕ್, ಮೆನ್ ಮಾಕ್" ಅಂದರು. ಭಯಂಕರ ನಾತ ಅಂತ ಅರ್ಥ. ಮೀನಿನ ಸಾಸು, ಒಣಸೀಗಡಿಯ ಮಧ್ಯೆ ಹುಟ್ಟಿ ಬೆಳೆದವರಿಗೆ ನಮ್ಮ ಚಿಟಿಕೆ ಇಂಗು ನಾತ! ನಾವು ಹಾಸನದ ಕಡೆಯವರು, ಒಗ್ಗರಣೆ ಇಲ್ಲದ ಸಾರು ನಮ್ಮ ಲೆಕ್ಕದಲ್ಲಿ ಬರೀ ಬಿಸಿನೀರು. ಆದರೆ ಎಂಬತ್ತು ಕೊಠಡಿಯ ಮಧ್ಯೆ ವಾದ ಮಾಡುವುದು ಹೇಗೆ? ಅವತ್ತಿನಿಂದ ರಾತ್ರಿ ಊಟ ಹೊರಗೆ.

ಹೊರಗಿನ ಊಟ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಮಾಂಸ ಮೀನು ತಿನ್ನುವವರಿಗೆ ನಿಜ. 50, 60 ಬಾತಿಗೆ ಹೊಟ್ಟೆ ತುಂಬುತ್ತದೆ. ಸಸ್ಯಾಹಾರಿಗಳಿಗೆ ಹಳದಿ ಬಾವುಟ ಕಟ್ಟಿದ ‘ಜೇ’ ಅಂಗಡಿಗಳಿವೆ. ಅಲ್ಲಿ ಮಾಂಸ ಮೀನಿರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ, ಥೇಟ್ ನಮ್ಮ ಮಡಿ ಅಡುಗೆ. ಆದರೆ ಅದೇ ತೋಫು, ಅದೇ ಸೊಪ್ಪು, ಎಷ್ಟು ದಿನ ತಿನ್ನುತ್ತೀರಿ? ಶನಿವಾರ ಬಂದರೆ ಇಂಡಿಯನ್ ಹೋಟೆಲ್ಲಿಗೆ ಓಟ, ಇಬ್ಬರಿಗೆ ಐನೂರು ಆರುನೂರು ಬಾತ್. ಹೀಗೆ ಅಪಾರ್ಟ್‌ಮೆಂಟಿನಲ್ಲಿದ್ದಾಗ ಊಟಕ್ಕೇ ತಿಂಗಳಿಗೆ 9,000 ಹತ್ತಿರ ಹೋಗುತ್ತಿತ್ತು.

ಕಾಂಡೋದ ಅಡುಗೆಮನೆ ಏನೂ ಅರಮನೆಯಲ್ಲ. ಇಬ್ಬರು ನಿಂತರೆ ಒಬ್ಬರು ಹೊರಗೆ ಹೋಗಬೇಕು. ಆದರೆ ಬಾಗಿಲಿದೆ, ಹೊಗೆ ಎಳೆಯುವ ಚಿಮಣಿ ಇದೆ. ಈಗ ಊಟದ ಖರ್ಚು ಐದೂವರೆ ಸಾವಿರ. ತೊಗರಿಬೇಳೆ, ಇಂಗು, ಸಾಸಿವೆ, ಕರಿಬೇವು ಎಲ್ಲ ತಿಂಗಳಿಗೊಮ್ಮೆ ಪಹುರತ್‌ನಿಂದ ಬರುತ್ತದೆ. ಗುರುದ್ವಾರದ ಸುತ್ತ ಇರುವ ಅದೇ ಲಿಟಲ್ ಇಂಡಿಯಾ, ಮೆಟ್ರೋದಲ್ಲಿ ಸಾಮ್ ಯೋಟ್ ಸ್ಟೇಷನ್ನಿಗೆ ಇಳಿದರೆ ನಡೆಯುವಷ್ಟು ದೂರ. ಉಳಿದದ್ದು ಸಂತೆಯಲ್ಲೇ ಸಿಗುತ್ತದೆ. ತೆಂಗಿನಕಾಯಿ ಕಣ್ಣೆದುರೇ ಮೆಷಿನ್ನಿನಲ್ಲಿ ತುರಿದು ಕೊಡುತ್ತಾರೆ, ಕೊತ್ತಂಬರಿ ಬೇರಿನ ಸಮೇತ.

ಅಕ್ಕಿಯ ಬಗ್ಗೆ ಒಂದು ಕಿವಿಮಾತು. ಇಲ್ಲಿನ ಹೆಸರುವಾಸಿ ಮಲ್ಲಿಗೆ ಅಕ್ಕಿ ತಂದು ಚಿತ್ರಾನ್ನ ಮಾಡಬೇಡಿ, ಮುದ್ದೆಯಾಗುತ್ತದೆ. ‘ಸಾವ್ ಹಾಯ್’ ಅಂತ ಕೇಳಿ ತನ್ನಿ. ಅನ್ನ ಉದುರುದುರಾಗಿ ಬರುತ್ತದೆ, ಬೆಲೆಯೂ ಕಮ್ಮಿ.

ಕಾಂಡೋದಲ್ಲಿ ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಎರಡು ತಿಂಗಳ ಅಡ್ವಾನ್ಸು, ಮೊದಲ ತಿಂಗಳ ಬಾಡಿಗೆ ಸೇರಿ 36,000 ಬಾತ್ ಒಂದೇ ಏಟಿಗೆ ಕೊಡಬೇಕಾಯಿತು. ಕರಾರು ಒಂದು ವರ್ಷದ್ದು. ಇನ್ನೊಂದು ಟಿಎಂ30 ಅನ್ನುವ ಫಾರಂ. ಪರದೇಶದವರು ಮನೆಗೆ ಬಂದ 24 ಗಂಟೆಯೊಳಗೆ ಮಾಲೀಕರು ಇಮಿಗ್ರೇಷನ್‌ಗೆ ತಿಳಿಸಬೇಕು. ಅಪಾರ್ಟ್‌ಮೆಂಟಿನಲ್ಲಿ ಪಾ ಅದನ್ನು ಚಹಾ ಕುಡಿಯುತ್ತಲೇ ಮುಗಿಸಿದ್ದರು. ಕಾಂಡೋದ ಮಾಲೀಕರಿಗೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ, ಒಂದು ವಾರ ನಾನೇ ಬೆನ್ನು ಹತ್ತಬೇಕಾಯಿತು.

ಓಡಾಟ: ಅಪಾರ್ಟ್‌ಮೆಂಟು ಗಲ್ಲಿಯ ತುಂಬ ಒಳಗೆ, ಸ್ಟೇಷನ್ನಿಗೆ ಕಿತ್ತಳೆ ಜಾಕೆಟ್ಟಿನ ಬೈಕಿನವರಿಗೆ ಒಂದು ಸಲಕ್ಕೆ 20 ಬಾತ್. ಈಗ ನಡೆದೇ ಹೋಗುತ್ತೇನೆ.

ಕುಡಿಯುವ ನೀರು: ಎರಡೂ ಕಡೆ ಕೆಳಗೆ ಮೆಷಿನ್ ಇದೆ, ಲೀಟರಿಗೆ ಒಂದು ಬಾತ್.

ಈಜುಕೊಳ: ಕಾಂಡೋದಲ್ಲಿದೆ. ವರ್ಷದಲ್ಲಿ ಎರಡು ಸಲ ಇಳಿದಿದ್ದೇನೆ.

ಒಟ್ಟು ಲೆಕ್ಕ ನೋಡಿ. ಬಾಡಿಗೆಯಲ್ಲಿ 2,500 ಜಾಸ್ತಿ. ಕರೆಂಟಿನಲ್ಲಿ ಸಾವಿರ ಉಳಿತಾಯ, ಊಟದಲ್ಲಿ 3,500, ಬೈಕಿನಲ್ಲಿ ಐನೂರು ಆರುನೂರು. ‘ದುಬಾರಿ’ ಮನೆಗೆ ಬಂದ ಮೇಲೆ ತಿಂಗಳಿಗೆ ಎರಡೂವರೆ ಸಾವಿರ ಬಾತ್ ಕೈಯಲ್ಲಿ ಉಳಿಯುತ್ತಿದೆ.

ಆದರೆ ಇದು ನಮ್ಮ ಲೆಕ್ಕ. ಒಬ್ಬರೇ ಬಂದಿದ್ದೀರಿ, ಹಗಲೆಲ್ಲ ಆಫೀಸಿನ ಏಸಿಯಲ್ಲಿ ಇರುತ್ತೀರಿ, ಬೀದಿ ಊಟ ಇಷ್ಟ, ಆರೇ ತಿಂಗಳಿಗೆ ವಾಪಸ್ ಹೋಗುವವರು ಅಂದರೆ ಅಪಾರ್ಟ್‌ಮೆಂಟೇ ಮಾಡಿ. ಕಾಂಡೋಕ್ಕೆ 36,000 ಹೊಂದಿಸುವ ತಲೆನೋವು ನಿಮಗೆ ಬೇಡ. ದಂಪತಿಗಳಾದರೆ, ದಿನಾ ಕುಕ್ಕರ್ ಕೂಗಬೇಕಾದರೆ, ಕಾಂಡೋ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಎಲ್ಲಿಗೇ ಹೋಗಿ, ಮಂಚ ಬೀರು ನೋಡುವ ಮೊದಲು ಕಾ ಫಾಯ್ ಎಷ್ಟು ಅಂತ ಕೇಳಿ. ಎಂಇಎ ಬಿಲ್ಲು ನೇರ ನಿಮ್ಮ ಕೈಗೆ ಬರುತ್ತಾ ಅಂತಲೂ ಕೇಳಿ, ಹಿಂದಿನ ತಿಂಗಳ ಬಿಲ್ಲಿನ ಕಾಗದ ತೋರಿಸಲು ಹೇಳಿ.

ಅಂದ ಹಾಗೆ, ಅಪಾರ್ಟ್‌ಮೆಂಟ್ ಬಿಡುವಾಗ ನಮ್ಮ ಅಡ್ವಾನ್ಸಿನಲ್ಲಿ 1,500 ಬಾತ್ ಹಿಡಿದುಕೊಂಡರು. ಯಾಕೆ ಅಂತ ಕೇಳಿದೆ. ಪಾ ಮಾತಾಡಲಿಲ್ಲ, ಬಾಲ್ಕನಿಯ ಗೋಡೆಗೆ ಮೂಗು ಹತ್ತಿರ ತಂದು ತೋರಿಸಿದರು. ನಾನೂ ಮೂಸಿ ನೋಡಿದೆ. ಇಂಗೇ.